ಹಿತ್ತಾಳೆಗೆ ಹೋಲ್ಡಾನ್ ಇಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರಲಿ. ಹತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕು? ಆದರೆ ೧೯೬೦ನೇ ಇಸವಿಯಲ್ಲಿ ಬೇಲೂರು ಬಸ್ಸಿನಲ್ಲಿ ನಡೆದದ್ದಕ್ಕೆಲ್ಲ ವೆಂಕಟರಾಮಯ್ಯ ಮೇಷ್ಟ್ರೇ ಕಾರಣ ಎಂದು ಇವತ್ತಿಗೂ ಅನ್ನುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಕೊಟ್ಟದ್ದು ಒಂದು ಉದಾಹರಣೆ. ಉದಾಹರಣೆಯನ್ನು ಕಾನೂನು ಮಾಡಿಕೊಂಡವರು ಅವರು.

ನನ್ನ ಮನೆ ಹಳೇಬೀಡಿನಲ್ಲಿ, ಕೆಲಸ ಬೇಲೂರಿನಲ್ಲಿ. ಕಣಕಟ್ಟೆಯಿಂದ ಬೆಳಿಗ್ಗೆ ಹೊರಟು ಅರಸೀಕೆರೆ, ಬಾಣಾವರ, ಜಾವಗಲ್ಲು ದಾಟಿ ಬರುವ ಬಸ್ಸನ್ನು ಹಳೇಬೀಡಿನಲ್ಲಿ ಹತ್ತಿದರೆ ಗಂಟೆ ಹೊಡೆಯುವ ಮೊದಲೇ ಸ್ಕೂಲಿನಲ್ಲಿರುತ್ತಿದ್ದೆ. ಸಂಜೆ ಅದೇ ಬಸ್ಸಿನಲ್ಲಿ ವಾಪಸು. ಖಾಸಗಿಯವರ ಬಸ್ಸು, ಮುಂದೆ ಮೂತಿಯಿದ್ದ ಹಳೆಯ ಕಾಲದ್ದು. ಡ್ರೈವರು ಚಿಕ್ಕಣ್ಣ ಮಾತಾಡುವ ಮನುಷ್ಯನಲ್ಲ. ಅವನ ಪಾಲಿನ ಮಾತನ್ನೂ ಸೇರಿಸಿ ಕಂಡಕ್ಟರು ಕೃಷ್ಣಪ್ಪ ಆಡುತ್ತಿದ್ದ.

ಕೃಷ್ಣಪ್ಪ ಕಣಕಟ್ಟೆಯವನು, ಮೂವತ್ತರ ಹತ್ತಿರದ ವಯಸ್ಸು, ಆ ದಾರಿಯಲ್ಲಿ ಎಂಟು ವರ್ಷದಿಂದ ಓಡಾಡುತ್ತಿದ್ದವನು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಯಾರ ಬುಟ್ಟಿಯಲ್ಲಿ ಕೋಳಿ ಅಡಗಿದೆ, ಯಾವ ಅಜ್ಜ ಇಳಿಯಬೇಕಾದ ಕಡೆ ನಿದ್ದೆ ಹೋಗುತ್ತಾನೆ, ಎಲ್ಲವೂ ಅವನಿಗೆ ಬಾಯಿಪಾಠ. ತಲೆಯಲ್ಲಿ ನಿಲ್ಲದೇ ಹೋದದ್ದು ಒಂದೇ, ರಸಾಯನಶಾಸ್ತ್ರ. ಎಸ್ಸೆಸ್ಸೆಲ್ಸಿಯ ಬಾಕಿ ವಿಷಯಗಳೆಲ್ಲ ಪಾಸಾಗಿ ಅದೊಂದರಲ್ಲಿ ನಾಲ್ಕು ಸಲ ಡುಮ್ಕಿ ಹೊಡೆದಿದ್ದ. ಮೂರನೆಯ ಸಲ ಆಮ್ಲಜನಕದ ಗುಣಗಳನ್ನು ಬರೆಯಿರಿ ಎಂದು ಕೇಳಿದ್ದರಂತೆ. 'ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಒಟ್ಟಿನಲ್ಲಿ ಏನೂ ಇಲ್ಲ' ಎಂದು ಬರೆದು ಬಂದಿದ್ದ.

ಆ ವರ್ಷ ಜನವರಿಯಲ್ಲಿ ಒಂದು ದಿನ ಬಸ್ಸು ಹೊರಡುವ ಮುಂಚೆಯೇ ನನ್ನ ಪಕ್ಕಕ್ಕೆ ಬಂದು ಕೂತ. ಮುಖ ಸಣ್ಣಗಾಗಿತ್ತು.

"ಸಾ, ಜೂನಿಂದ ಈ ರೂಟು ಸರ್ಕಾರದೋರು ತಗಂತಾರಂತೆ. ಎಸ್ಸೆಸ್ಸೆಲ್ಸಿ ಪಾಸಾಗಿರೋ ಕಂಡಕ್ಟ್ರುನ್ನ ಮಾತ್ರ ಇಟ್ಕತಾರಂತೆ. ಮಾರ್ಚಿನ ಪರೀಕ್ಷೆನೇ ಕೊನೆ."

"ಪಾಸಾಗು. ಯಾರು ಬೇಡ ಅಂದ್ರು?"

"ಹಂಗನ್ಬೇಡಿ ಸಾ. ಈ ಬಸ್ಸಿಂದ ಇಳಿಸ್ಬುಟ್ರೆ ನಾನು ಎಲ್ಲಿಗೆ ಹೋಗ್ಲಿ? ನಂಗೆ ಹೋಲ್ಡಾನ್, ರೈಟ್ ಅನ್ನೋದು ಬಿಟ್ರೆ ಬೇರೆ ಕೆಲ್ಸ ಬರಾಕಿಲ್ಲ."

ಅವನ ಕಣ್ಣು ತುಂಬಿಕೊಂಡಿತ್ತು. ನಿಜ ಹೇಳಬೇಕೆಂದರೆ ನನಗೂ ಸಂಕಟವಾಯಿತು. ಎಂಟು ವರ್ಷದಲ್ಲಿ ಒಂದು ದಿನವೂ ಅವನು ನನ್ನನ್ನು ಬಿಟ್ಟು ಬಸ್ಸು ಹೊರಡಿಸಿದವನಲ್ಲ. ಹಳೇಬೀಡಿನಿಂದ ಬೇಲೂರಿನ ತನಕ ಮುಕ್ಕಾಲು ಗಂಟೆ ದಿನಾ ಪಾಠ ಹೇಳುತ್ತೇನೆ ಎಂದು ಒಪ್ಪಿಕೊಂಡೆ.

ಶುರು ಮಾಡಿದ್ದು ಲೋಹಗಳ ಪಟ್ಟಿಯಿಂದ. ಲೋಹಗಳಲ್ಲಿ ಕೆಲವು ಚುರುಕು, ಕೆಲವು ಮಂದ. ಎಲ್ಲಕ್ಕಿಂತ ಚುರುಕಾದ ಪೊಟ್ಯಾಸಿಯಂ ಮೇಲೆ, ಎಲ್ಲಕ್ಕಿಂತ ಮಂದವಾದ ಚಿನ್ನ ಕೆಳಗೆ. ನಡುವೆ ಸೋಡಿಯಂ, ಕ್ಯಾಲ್ಸಿಯಂ, ಸತು, ಕಬ್ಬಿಣ, ಸೀಸ, ತಾಮ್ರ ಎಲ್ಲ ಒಂದು ಕ್ರಮದಲ್ಲಿ ಬರುತ್ತವೆ. ಇದೊಂದು ಬಂದರೆ ಅರ್ಧ ಪೇಪರು ಬಂದಂತೆ. ಹದಿನೈದು ದಿನ ಉರು ಹೊಡೆಸಿದೆ. ಸೋಡಿಯಂ ತನಕ ಸರಿಯಾಗಿ ಬಂದು ಆಮೇಲೆ ಬಾಯಿಗೆ ಬಂದದ್ದು ಹೇಳುತ್ತಿದ್ದ. ಒಂದು ದಿನ ಸಕ್ಕರೆಯನ್ನೂ ಸೇರಿಸಿದ. ನನ್ನ ತಲೆ ಕೆಟ್ಟುಹೋಯಿತು.

"ಅಲ್ಲ ಕಣಯ್ಯಾ, ಹದಿನಾಲ್ಕು ಹೆಸರು ನೆನಪಿಡೋಕೆ ಆಗಲ್ಲವಾ ನಿನಗೆ? ನಿನ್ನ ಬಸ್ಸು ಎಷ್ಟು ಕಡೆ ನಿಲ್ಲುತ್ತೆ, ಹೇಳು ನೋಡೋಣ!"

ಒಂದೇ ಉಸಿರಿಗೆ ಹೇಳಿದ. ಕಣಕಟ್ಟೆಯಿಂದ ಬೇಲೂರಿನ ತನಕ, ರೈಲ್ವೆ ಗೇಟಿನ ಹತ್ತಿರದ ಸುಣ್ಣದ ಗೂಡು, ಕುಲುಮೆ ಸ್ಟಾಪು ಏನನ್ನೂ ಬಿಡದೆ ಹೇಳಿದ. ನಾನು ಬೆರಳು ಮಡಚುತ್ತಾ ಹೋದೆ. ಸರಿಯಾಗಿ ಹದಿನಾಲ್ಕು ಸ್ಟಾಪು.

ಆಗ ನನಗೆ ಹೊಳೆದದ್ದನ್ನು ನಾನು ಇವತ್ತೂ ತಪ್ಪು ಅನ್ನುವುದಿಲ್ಲ. ಕಣಕಟ್ಟೆ ಪೊಟ್ಯಾಸಿಯಂ, ಅರಸೀಕೆರೆ ಸೋಡಿಯಂ, ಸುಣ್ಣದ ಗೂಡು ಕ್ಯಾಲ್ಸಿಯಂ, ಹೀಗೆ ಸಾಲಾಗಿ ಜೋಡಿಸಿಕೊಟ್ಟೆ. ಜಾವಗಲ್ಲು ಸತು. ಕುಲುಮೆ ಸ್ಟಾಪು ತಾನಾಗಿಯೇ ಕಬ್ಬಿಣವಾಯಿತು. ಬಸ್ತಿಹಳ್ಳಿ ಕ್ರಾಸು ತಾಮ್ರ. ಬೇಲೂರು ಚಿನ್ನ. ಸೀಸಕ್ಕೂ ತಾಮ್ರಕ್ಕೂ ನಡುವೆ ಬರುವುದು ಜಲಜನಕ. ಅದು ಲೋಹವಲ್ಲ, ಗಾಳಿ. ಆದರೂ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇಟ್ಟಿದ್ದಾರೆ, ಏಕೆಂದರೆ ಅದನ್ನು ನೋಡಿಕೊಂಡೇ ಯಾವ ಲೋಹ ಮೇಲಿನದು, ಯಾವುದು ಕೆಳಗಿನದು ಎಂದು ಗೊತ್ತುಮಾಡುವುದು. ಆ ಜಾಗಕ್ಕೆ ಹಳೇಬೀಡು ಬಂತು. ಎಲ್ಲ ಲೋಹಗಳ ಗಡಿಕಲ್ಲು ನಮ್ಮೂರಿನಲ್ಲೇ ಬಂದು ನಿಂತಿತಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೂ ಹೇಳಿದೆ. ರಮಾಮಣಿ ಹುಳಿ ಬಡಿಸುತ್ತಾ, "ಗಾಳಿ ತಾನೆ, ಸರಿಯಾಗಿದೆ" ಎಂದಳು.

ಮೂರೇ ದಿನಕ್ಕೆ ಕೃಷ್ಣಪ್ಪನಿಗೆ ಪಟ್ಟಿ ಬಂದುಬಿಟ್ಟಿತು. "ಸತು! ಹೋಲ್ಡಾನ್!" ಎಂದು ಕೂಗಿ ಬಸ್ಸು ನಿಲ್ಲಿಸುತ್ತಿದ್ದ. ಜಾವಗಲ್ಲಿನವರು ಇಳಿದ ಮೇಲೆ "ಸತು ರೈಟ್!" ಎನ್ನುತ್ತಿದ್ದ. ಮೊದಮೊದಲು ಜನ ನಕ್ಕರು. ವಾರ ಕಳೆಯುವುದರೊಳಗೆ ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ, "ಈ ಬಸ್ಸು ತಾಮ್ರದಲ್ಲಿ ನಿಲ್ತದಾ?" ಎಂದು ಕೇಳುವವರು ಹುಟ್ಟಿಕೊಂಡರು.

ಪಟ್ಟಿಯಾದ ಮೇಲೆ ನಿಯಮ. ಮೇಲಿನ ಲೋಹ ಕೆಳಗಿನ ಲೋಹವನ್ನು ಅದರ ಲವಣದಿಂದ ಹೊರಕ್ಕೆ ತಳ್ಳಿ ತಾನು ಆ ಜಾಗ ಹಿಡಿಯುತ್ತದೆ. ಕೆಳಗಿನದು ಮೇಲಿನದನ್ನು ತಳ್ಳಲಾರದು. ಕೃಷ್ಣಪ್ಪನಿಗೆ ಲವಣ ಎಂದರೆ ಊಟದ ಉಪ್ಪು ಬಿಟ್ಟು ಬೇರೆ ತೋಚುತ್ತಿರಲಿಲ್ಲ. ಆಗ ನಾನು ಆ ಪ್ರಸಿದ್ಧ ಉದಾಹರಣೆ ಕೊಟ್ಟೆ. "ಲವಣ ಅಂದ್ರೆ ಸೀಟು ಅಂದ್ಕೋಪ್ಪ. ಮೇಲಿನೂರಿನವರು ಬಂದರೆ ಕೆಳಗಿನೂರಿನವರು ಎದ್ದು ಜಾಗ ಬಿಡಬೇಕು." ಇಷ್ಟೇ ನಾನು ಹೇಳಿದ್ದು.

ಅವತ್ತು ಸಂಜೆಯೇ ಬೇಲೂರಿನಲ್ಲಿ ಕಣಕಟ್ಟೆಯ ಹುಚ್ಚಮ್ಮ ಬಸ್ಸು ಹತ್ತಿದಳು. ತೆಂಗಿನಕಾಯಿ ಮಾರಿ ಖಾಲಿ ಬುಟ್ಟಿ, ಸೀಮೆಎಣ್ಣೆ ಡಬ್ಬ ಹಿಡಿದುಕೊಂಡು ಹೋಗುವ ಗಟ್ಟಿಗಿತ್ತಿ. ಸೀಟು ಖಾಲಿ ಇರಲಿಲ್ಲ. ಮುಂದಿನ ಸೀಟಿನಲ್ಲಿ ಬೇಲೂರಿನ ದೇವಸ್ಥಾನದ ಗುಮಾಸ್ತರು ಯೋಗನರಸಿಂಹಯ್ಯಂಗಾರ್ಯರು ಅರಸೀಕೆರೆಯಲ್ಲಿ ರೈಲು ಹಿಡಿಯಲೆಂದು ಕೂತಿದ್ದರು. ಕೃಷ್ಣಪ್ಪ ಇಬ್ಬರನ್ನೂ ನೋಡಿದ. ತುಟಿಯಲ್ಲೇ ಏನೋ ಲೆಕ್ಕ ಹಾಕಿಕೊಂಡ. ಆಮೇಲೆ ಕೈಮುಗಿದು, "ಸ್ವಾಮಿ, ತಾವು ಚಿನ್ನ" ಎಂದ.

ಅಯ್ಯಂಗಾರ್ಯರು ಹಿಗ್ಗಿದರು. "ಏನೋ, ದೊಡ್ಡ ಮಾತು" ಎಂದರು.

"ಈಯಮ್ಮ ಪೊಟ್ಯಾಸಿಯಂ. ತಾವು ಏಳ್ಬೇಕು."

ಚಿನ್ನ ಎನ್ನಿಸಿಕೊಂಡ ಸಂತೋಷದಲ್ಲಿ ಅವರು ಎದ್ದೇಬಿಟ್ಟರು. ಹುಚ್ಚಮ್ಮ ಕೂತುಬಿಟ್ಟಳು. ಸೋಡಿಯಂ ಬರುವ ತನಕ ಚಿನ್ನ ಕಂಬಿ ಹಿಡಿದು ನಿಂತಿತ್ತಂತೆ. ಕೃಷ್ಣಪ್ಪ ನನ್ನ ಕಡೆ ನೋಡಿ, "ಅರ್ಥ ಆಯ್ತು ಸಾ! ಈಗ ಅರ್ಥ ಆಯ್ತು!" ಎಂದು ಕೂಗಿದ. ಪಾಠ ತಲೆಗೆ ಹತ್ತಿದವನ ಮುಖದಲ್ಲಿ ಬರುವ ಬೆಳಕು ಎಂಥದೆಂದು ಮೇಷ್ಟ್ರುಗಳಿಗೆ ಮಾತ್ರ ಗೊತ್ತು. ಬೈಯಬೇಕಾದವನು ಬೈಯದೇ ಹೋದೆ.

ಅಲ್ಲಿಗೆ ಕಾನೂನಾಯಿತು. ವಿಚಿತ್ರವೆಂದರೆ ಜನಕ್ಕೆ ಅದು ಇಷ್ಟವಾಯಿತು. ಅದುವರೆಗೆ ಸೀಟಿನ ಜಗಳವೆಂದರೆ ಗಂಟಲಿದ್ದವನು ಗೆಲ್ಲುತ್ತಿದ್ದ. ಈಗ ಒಂದು ಪಟ್ಟಿ ಬಂತು, ಪರೀಕ್ಷೆಗೆ ಬರುವಂಥ ಪಟ್ಟಿ. ಬೆಳಿಗ್ಗೆ ಬಸ್ಸು ಬರುವಾಗ ತಂಟೆಯಿರಲಿಲ್ಲ, ಮೇಲಿನೂರಿನವರೇ ಮೊದಲು ಹತ್ತಿ ಕೂತಿರುತ್ತಿದ್ದರು. "ಬೆಳಿಗ್ಗೆ ಕ್ರಿಯೆ ನಡೆಯೋದಿಲ್ಲ" ಎಂದು ಕೃಷ್ಣಪ್ಪ ವಿವರಿಸುತ್ತಿದ್ದ. ಸಂಜೆ ಬೇಲೂರಿನಿಂದ ಹೊರಡುವಾಗ ಮಾತ್ರ ಭಾರಿ ಕ್ರಿಯೆ. ಸೀಸ ಬಂದು ತಾಮ್ರವನ್ನು ಎಬ್ಬಿಸಿ ಕೂತರೆ ಕಬ್ಬಿಣ ಬಂದು ಸೀಸವನ್ನು ಎಬ್ಬಿಸುತ್ತಿತ್ತು. ಹುಚ್ಚಮ್ಮನ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಪೊಟ್ಯಾಸಿಯಂ ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ, ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕು ಎಂಬ ಪಾಠವನ್ನು ಕೃಷ್ಣಪ್ಪ ಅವಳ ಡಬ್ಬ ನೋಡಿಯೇ ಕಲಿತ.

ನನ್ನ ಗತಿ ಕೇಳಿ. ನಾನು ಜಲಜನಕ. ನನಗಿಂತ ಮೇಲೆ ಒಂಬತ್ತು ಊರು. ದಿನವಿಡೀ ಕ್ಲಾಸಿನಲ್ಲಿ ನಿಂತು, ಸಂಜೆ ಬಸ್ಸಿನಲ್ಲಿ ಕೂರುವುದಕ್ಕೂ ಇಲ್ಲ. ಕೂತರೆ ಕುಲುಮೆ ಸ್ಟಾಪಿನ ಯಾರೋ ಬಂದು, "ಮೇಷ್ಟ್ರೇ, ಕಬ್ಬಿಣ" ಎಂದು ಹಲ್ಲು ಕಿರಿಯುತ್ತಿದ್ದ. ನಾನು ಹೇಳಿಕೊಟ್ಟ ನಿಯಮ, ಇಲ್ಲ ಅನ್ನುವ ಹಾಗಿರಲಿಲ್ಲ. ಎದ್ದೇಳುತ್ತಿದ್ದೆ. ಒಂದು ಸಂಜೆ ಮಂಡಿ ನೋವು ತಡೆಯಲಾರದೆ ಯೋಗನರಸಿಂಹಯ್ಯಂಗಾರ್ಯರನ್ನು ನಾನೂ ಎಬ್ಬಿಸಿದೆ. ಅವರು ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಇಷ್ಟಾದರೂ ನಾನು ತೃಪ್ತನಾಗಿದ್ದೆ. ಪ್ರತಿ ಸ್ಟಾಪಿಗೂ ಆಯಾ ಲೋಹದ ಗುಣಗಳನ್ನು ಅಂಟಿಸುತ್ತಾ ಹೋದೆವು. ಸುಣ್ಣದ ಗೂಡಿನಲ್ಲಿ ಸುಟ್ಟ ಸುಣ್ಣ, ಅರಳಿದ ಸುಣ್ಣ. ಕುಲುಮೆಯ ಪಕ್ಕದಲ್ಲಿ ಕೆಟ್ಟು ನಿಂತ ಲಾರಿಯ ಮೇಲೆ ತುಕ್ಕು. ಫೆಬ್ರವರಿ ಮುಗಿಯುವ ಹೊತ್ತಿಗೆ ಕೃಷ್ಣಪ್ಪನನ್ನು ಎಲ್ಲಿ ಮುಟ್ಟಿದರೂ ರಸಾಯನಶಾಸ್ತ್ರ ಸುರಿಯುತ್ತಿತ್ತು.

ಆಗ ಬಂದರು ಜಯದೇವಪ್ಪನವರು.

ಹಳೇಬೀಡಿಗೆ ಒಂದೂವರೆ ಮೈಲಿ ಹಿಂದೆ ಹೊಂಗೇಹಳ್ಳಿ. ಅಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಜಯದೇವಪ್ಪನವರು ಆ ಊರಿನ ಪಂಚಾಯಿತಿ ಚೇರ್ಮನ್ನರು, ಬಸ್ಸಿನ ಮಾಲೀಕರಿಗೆ ಬೇಕಾದವರು. ಅವರ ಮಾತಿನ ಮೇಲೆ ಮಾರ್ಚಿ ಒಂದರಿಂದ ಹೊಂಗೇಹಳ್ಳಿಗೂ ಒಂದು ಸ್ಟಾಪು ಮಂಜೂರಾಯಿತು. ಮೊದಲ ದಿನ ಹೂವಿನ ಹಾರ ಹಿಡಿದುಕೊಂಡು ಬಂದು ಬಸ್ಸಿನ ಮೂತಿಗೆ ಹಾಕಿ, ಕೃಷ್ಣಪ್ಪನನ್ನು ಕೇಳಿದರಂತೆ. "ಏನ್ಲಾ, ನಮ್ಮೂರಿಗೆ ಯಾವ ಲೋಹ?"

ಲೋಹವೆಲ್ಲ ಖರ್ಚಾಗಿತ್ತು. ಕೃಷ್ಣಪ್ಪ ತಬ್ಬಿಬ್ಬಾದ. ಅಷ್ಟರಲ್ಲಿ ಅವರ ಹಿಂದೆ ನಿಂತಿದ್ದ ಹೆಂಗಸಿನ ಸೊಂಟದ ಮೇಲೆ ಬಿಂದಿಗೆ ಕಂಡಿತು.

"ಹಿತ್ತಾಳೆ" ಎಂದುಬಿಟ್ಟ.

ಜಯದೇವಪ್ಪನವರಿಗೆ ಒಪ್ಪಿಗೆಯಾಯಿತು. ಅವರ ಮನೆಯ ಪಾತ್ರೆಯೆಲ್ಲ ಹಿತ್ತಾಳೆಯದೇ ಇತ್ತು.

ಇದು ನನಗೆ ಗೊತ್ತಾದದ್ದು ಹತ್ತು ದಿನದ ಮೇಲೆ, ಪರೀಕ್ಷೆಗೆ ಇನ್ನು ಎಂಟು ದಿನ ಇದ್ದಾಗ. ಕಾಗದ ಕೊಟ್ಟು ಪಟ್ಟಿ ಬರೆಯಿಸಿದೆ. ದುಂಡಗಿನ ಅಕ್ಷರದಲ್ಲಿ ಬರೆದ. 'ಕಬ್ಬಿಣ, ತವರ, ಸೀಸ, ಹಿತ್ತಾಳೆ, ಜಲಜನಕ.'

ನನಗೆ ಬಂದ ಸಿಟ್ಟಿಗೆ ಬಸ್ಸಿನವರೆಲ್ಲ ತಿರುಗಿ ನೋಡಿದರು. "ಹಿತ್ತಾಳೆ ಎಲ್ಲಿಂದ ಬಂತಯ್ಯಾ? ಅದು ಮೂಲವಸ್ತುವೇ ಅಲ್ಲ! ತಾಮ್ರಾನೂ ಸತುವೂ ಕೂಡಿಸಿ ಕಾಯಿಸಿದ ಬೆರಕೆ ಅದು! ಇದನ್ನು ಬರೆದರೆ ಪಟ್ಟಿಯೇ ತಪ್ಪಾಯಿತು, ಒಂದು ಅಂಕವೂ ಸಿಗಲ್ಲ!"

"ಗೊತ್ತು ಸಾ. ಆದ್ರೆ ಅಲ್ಲಿ ಜನ ಕೈ ಅಡ್ಡ ಹಾಕಂಡು ನಿಂತವ್ರೆ. ಬಿಟ್ಟು ಹೋಗಾಕೆ ಆಯ್ತದಾ?"

ಇದಕ್ಕೆ ಏನು ಹೇಳುತ್ತೀರಿ? ಅವನ ತಲೆಯಲ್ಲಿ ಬಸ್ಸು ಓಡುತ್ತಿತ್ತು. ಬಸ್ಸು ಓಡುವಾಗ ಜನ ಕೈ ತೋರಿಸಿದರೆ ನಿಲ್ಲಿಸದೆ ಹೋಗುವ ಗುಣ ಅವನಲ್ಲಿರಲಿಲ್ಲ. ಅದೇ ಗುಣಕ್ಕಾಗಿಯೇ ಅಲ್ಲವೆ ನಾನು ಅವನಿಗೆ ಪಾಠ ಹೇಳಲು ಒಪ್ಪಿದ್ದು? ಮೂರು ಸಲ ಬರೆಯಿಸಿದೆ, ಮೂರು ಸಲವೂ ಸೀಸ ಆದ ಮೇಲೆ ಹಿತ್ತಾಳೆಯಲ್ಲಿ ಪೆನ್ನು ನಿಂತಿತು.

ಉಳಿದದ್ದು ಒಂದೇ ದಾರಿ. ಪರೀಕ್ಷೆ ಮುಗಿಯುವ ತನಕ ಹೊಂಗೇಹಳ್ಳಿಯಲ್ಲಿ ಬಸ್ಸು ನಿಲ್ಲಿಸಬಾರದು. ಹಿತ್ತಾಳೆಗೆ ಹೋಲ್ಡಾನ್ ಇಲ್ಲ. ಅವನ ತಲೆಯಿಂದ ಆ ಸ್ಟಾಪು ಅಳಿಸಿಹೋಗುವ ತನಕ ಕಣ್ಣು ಮುಚ್ಚಿಕೊಂಡು ದಾಟಿಬಿಡಬೇಕು.

ಎಂದೂ ಮಾತಾಡದ ಚಿಕ್ಕಣ್ಣ ಸ್ಟಿಯರಿಂಗು ಹಿಡಿದೇ ಬಾಯಿ ಬಿಟ್ಟ. "ಓನರು ಕೇಳಿದ್ರೆ?"

"ಬ್ರೇಕು ಹಿಡಿಯಲಿಲ್ಲ ಅನ್ನು."

"ಏಳು ದಿನಾನೂವಾ?"

"ಏಳು ದಿನವೂ."

ಮೊದಲ ದಿನ ಕೃಷ್ಣಪ್ಪ ಅಳುಮುಖ ಮಾಡಿಕೊಂಡು ಬಂದ. "ನಾಕು ಜನ ಓಡ್ಕಂಡು ಬಂದ್ರು ಸಾ." ಎರಡನೆಯ ದಿನ ಹತ್ತು ಜನ. ನಾಲ್ಕನೆಯ ದಿನ ಒಬ್ಬ ಮುದುಕಿ ಶಾಪ ಹಾಕಿದಳಂತೆ. ಆದರೆ ಐದನೆಯ ದಿನ ಬರೆಯಿಸಿದಾಗ ಸೀಸ ಆದ ಮೇಲೆ ಪೆನ್ನು ಒಂದು ಗಳಿಗೆ ತಡವರಿಸಿ ನೇರವಾಗಿ ಜಲಜನಕಕ್ಕೆ ಹೋಯಿತು. ನಾನು ಅವನ ಬೆನ್ನು ತಟ್ಟಿದೆ. ಹೊಂಗೇಹಳ್ಳಿಯವರ ಪಾಡು ಏನಾಯಿತೋ ಎಂದು ನನ್ನ ಮನಸ್ಸಿಗೆ ಬರಲೇ ಇಲ್ಲ. ಬರಬೇಕಾಗಿತ್ತು.

ಪರೀಕ್ಷೆಯ ದಿನ. ಕೇಂದ್ರ ಬೇಲೂರಿನಲ್ಲಿ, ಹತ್ತೂವರೆಗೆ ಶುರು. ಕೃಷ್ಣಪ್ಪ ಬೇರೆಯವರನ್ನು ಬದಲಿಗೆ ಹಾಕದೆ ಅವತ್ತೂ ಕೆಲಸದ ಮೇಲೇ ಬರುತ್ತೇನೆಂದು ಹಟ ಹಿಡಿದಿದ್ದ. ದಾರಿಯುದ್ದಕ್ಕೂ ಒಂದು ಸಲ ಪಟ್ಟಿ ಹೇಳಿಕೊಂಡು ಬಂದ ಹಾಗಾಗುತ್ತದೆ ಎಂದು ನಾನೂ ಸುಮ್ಮನಾಗಿದ್ದೆ. ಎಂಟೂಮುಕ್ಕಾಲಕ್ಕೆ ಹಳೇಬೀಡಿಗೆ ಬರಬೇಕಾದ ಬಸ್ಸು ಒಂಬತ್ತಾದರೂ ಬರಲಿಲ್ಲ. ಒಂಬತ್ತೂಕಾಲಾಯಿತು. ಹೋಟೆಲಿನವನ ಸೈಕಲ್ಲು ಕಸಿದುಕೊಂಡವನೇ ಪಂಚೆ ಎತ್ತಿ ಕಟ್ಟಿ ಬಸ್ಸು ಬರುವ ದಾರಿಯಲ್ಲಿ ತುಳಿದುಕೊಂಡು ಹೋದೆ.

ಹೊಂಗೇಹಳ್ಳಿಯ ಮುಂದೆ ರಸ್ತೆ ಥಳಥಳ ಹೊಳೆಯುತ್ತಿತ್ತು. ಈ ಬದಿಯಿಂದ ಆ ಬದಿಯ ತನಕ ಸಾಲಾಗಿ ಬಿಂದಿಗೆ, ಕೊಳಗ, ತಪ್ಪಲೆ, ದೀಪದ ಕಂಬ. ಊರಿನ ಹಿತ್ತಾಳೆಯನ್ನೆಲ್ಲ ತಂದು ರಸ್ತೆಗೆ ಅಡ್ಡ ಇಟ್ಟಿದ್ದರು. ನಡುವೆ ಬೋರಲು ಹಾಕಿದ ಹಂಡೆಯ ಮೇಲೆ ಜಯದೇವಪ್ಪನವರು ಕೂತಿದ್ದರು. ಅವರ ಮುಂದೆ ಬಸ್ಸು. ಪ್ರಯಾಣಿಕರು ಕೆಳಗಿಳಿದು ಅಭ್ಯಾಸಬಲದಿಂದ ಪಟ್ಟಿಯ ಕ್ರಮದಲ್ಲೇ ನಿಂತಿದ್ದರು. ಹುಚ್ಚಮ್ಮ ಸೊಂಟಕ್ಕೆ ಕೈಕೊಟ್ಟು, "ಏಳಲಾ ಮ್ಯಾಕೆ! ಹುಡುಗನ ಪರೀಕ್ಷೆ ಐತೆ!" ಎಂದು ಅಬ್ಬರಿಸುತ್ತಿದ್ದಳು. ಜಯದೇವಪ್ಪನವರು ಜಗ್ಗಲಿಲ್ಲ.

ನನ್ನನ್ನು ಕಂಡವರೇ ಎದ್ದು ನಿಂತರು. "ಬನ್ನಿ ಮೇಷ್ಟ್ರೇ. ನಿಮ್ಮನ್ನೇ ಕಾಯ್ತಿದ್ದೆ. ಹಿತ್ತಾಳೆ ಬೆರಕೆ ಅಂದ್ರಂತಲ್ಲ? ಬಸ್ಸಿನಾಗೆ ಎಲ್ಲರ ಮುಂದೆ ಅಂದ್ರಂತಲ್ಲ? ನಮ್ಮೂರು ಬೆರಕೆನಾ?"

"ನಾನು ಅಂದದ್ದು ಪಾತ್ರೆಗೆ."

"ಪಾತ್ರೆನೂ ನಮ್ಮದೆಯಾ. ಅದ್ಕೇ ಬಸ್ಸು ನಿಲ್ಲಿಸ್ತಿಲ್ಲ ಅಂತ ಈಗ ಗೊತ್ತಾಯ್ತು. ನೋಡಿ, ನಮ್ಮೂರಿಗೆ ಶುದ್ಧವಾದ್ದು ಒಂದು ಕೊಡಿ. ಕೊಡಾಗಂಟ ಬಸ್ಸು ಕದಲಾಕಿಲ್ಲ."

ಕೃಷ್ಣಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಹೊಸ ಪೆನ್ನು. ಹತ್ತಿರ ಹೋದರೆ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. "ತವರ, ಸೀಸ. ತವರ, ಸೀಸ. ತವರ, ಸೀಸ." ನನ್ನ ಕಡೆ ನೋಡಿದ. "ಮುಂದಕ್ಕೆ ಹೋಗ್ತಿಲ್ಲ ಸಾ. ಬಸ್ಸು ನಿಂತೋಯ್ತು."

ಮೂರು ತಿಂಗಳು ಒಬ್ಬ ಮನುಷ್ಯ ಹಗಲಿರುಳು ಕಲಿತದ್ದು ಒಂದು ಹಂಡೆಯ ಮುಂದೆ ನಿಂತುಹೋಗಿತ್ತು. ಗಡಿಯಾರ ನೋಡಿದೆ. ಒಂಬತ್ತೂವರೆಗೆ ಐದು ನಿಮಿಷ. ಜಯದೇವಪ್ಪನವರಿಗೆ ಕೊಡಲು ಯಾವ ಲೋಹವಿದೆ? ಸೀಸದವರು ತಮ್ಮದನ್ನು ಬಿಡುವುದಿಲ್ಲ, ಬಸ್ಸಿನ ಪಕ್ಕದಲ್ಲೇ ನಿಂತು ಗುರುಗುಟ್ಟುತ್ತಿದ್ದರು. ಹೊಂಗೇಹಳ್ಳಿಗೂ ಹಳೇಬೀಡಿಗೂ ನಡುವೆ ಬೇರೆ ಸ್ಟಾಪಿಲ್ಲ. ಪಟ್ಟಿ ಕೆಡದ ಹಾಗೆ ಬಿಟ್ಟುಕೊಡಬಹುದಾದದ್ದು ಒಂದೇ, ಮುಂದಿನ ಜಾಗ. ಅದು ನನ್ನದು.

"ಜಯದೇವಪ್ಪನವರೇ, ಜಲಜನಕ ತಗೊಳ್ಳಿ" ಎಂದೆ.

"ಅದು ಹಳೇಬೀಡಿಂದಲ್ವಾ?"

"ಇನ್ನು ಮೇಲೆ ನಿಮ್ಮದು."

ಅವರು ಅನುಮಾನದಿಂದ ನೋಡಿದರು. "ಶುದ್ಧಾನಾ?"

"ಅದರಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. ಅದನ್ನು ನೋಡಿಕೊಂಡೇ ಲೋಹಗಳಿಗೆಲ್ಲ ಮೇಲು ಕೆಳಗು ಹೇಳೋದು. ಸೂರ್ಯನಲ್ಲಿ ಉರೀತಾ ಇರೋದೂ ಅದೇ."

"ಸೂರ್ಯನಾಗೂ ಐತಾ?" ಜಯದೇವಪ್ಪನವರು ತಲೆಯೆತ್ತಿ ನೋಡಿ ಕಣ್ಣು ಕಿರಿದು ಮಾಡಿದರು. ಅವರ ಮುಖದ ಗಂಟು ಸಡಿಲವಾಯಿತು. "ಬರ್ಕೊಡಿ."

ಕೃಷ್ಣಪ್ಪನ ಟಿಕೇಟು ಪುಸ್ತಕದ ರಟ್ಟು ಹರಿದು ಬರೆದೆ. 'ಇಂದಿನಿಂದ ಜಲಜನಕವು ಹೊಂಗೇಹಳ್ಳಿಗೆ ಸೇರಿರುತ್ತದೆ. ಹಳೇಬೀಡಿಗೆ ಇದರ ಮೇಲೆ ಯಾವ ಹಕ್ಕೂ ಇರುವುದಿಲ್ಲ.' ರುಜು ಹಾಕಿ ತಾರೀಕು ಬರೆದೆ. ಹುಚ್ಚಮ್ಮ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು. ಬಿಂದಿಗೆ ಕೊಳಗಗಳು ಸದ್ದು ಮಾಡುತ್ತಾ ರಸ್ತೆ ಬಿಟ್ಟು ಸರಿದವು. ನನಗೆ ಆ ಹೊತ್ತಿನಲ್ಲಿ ನಗು ಬರಲಿಲ್ಲ. ಹಳೆಯ ಬೀಡು, ಹಾಳಾದ ಊರು ಎನ್ನಿಸಿಕೊಳ್ಳುವ ನಮ್ಮೂರಿಗೆ ಏನೋ ಒಂದು ಸಿಕ್ಕಿತ್ತು, ಅದನ್ನೂ ನಾನೇ ಕೈಯಾರೆ ಕೊಟ್ಟುಬಿಟ್ಟೆ. ದುಃಖವಾಯಿತು. ಗಾಳಿಗಾಗಿ ದುಃಖಪಟ್ಟವನು ನಾನೊಬ್ಬನೇ ಇರಬೇಕು.

ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಹಾಕಿದೆವು. ಕೃಷ್ಣಪ್ಪ ಬಾಗಿಲಲ್ಲಿ ನಿಂತು ಒಂದು ಉಸಿರೆಳೆದುಕೊಂಡ.

"ಜಲಜನಕ! ರೈಟ್!"

ಬಸ್ಸು ಹೊರಟಿತು. "ಮುಂದೆ?" ಎಂದೆ. "ತಾಮ್ರ" ಎಂದ.

"ಹಳೇಬೀಡಿನಲ್ಲಿ ನಿಲ್ಲಿಸಬೇಡ. ಕಣ್ಣು ಮುಚ್ಚಿಕೋ."

"ಸಾ, ನಿಮ್ಮೂರು."

"ಮುಚ್ಚಿಕೋ ಅಂದೆ!"

ಮುಚ್ಚಿಕೊಂಡ. ಹಳೇಬೀಡಿನ ಸ್ಟಾಪಿನಲ್ಲಿ ಇಪ್ಪತ್ತು ಜನ ಕೈ ಚಾಚಿ ನಿಂತಿದ್ದರು. ಅವರ ಮುಂದೆ, ನಾನು ಬಿಟ್ಟು ಓಡಿದ್ದ ಬುತ್ತಿ ಡಬ್ಬ ಹಿಡಿದುಕೊಂಡು ರಮಾಮಣಿ ನಿಂತಿದ್ದಳು. ಕಿಟಕಿಯಲ್ಲಿ ನನ್ನನ್ನು ನೋಡಿದಳು. ನಾನೂ ನೋಡಿದೆ. ಚಿಕ್ಕಣ್ಣ ಬ್ರೇಕಿನ ಮೇಲೆ ಕಾಲಿಡಲಿಲ್ಲ. ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಯಾವ ಕ್ರಿಯೆಯೂ ನಡೆಯಲಿಲ್ಲ.

ಹತ್ತು ಇಪ್ಪತ್ತೈದಕ್ಕೆ ಬಸ್ಸು ಸ್ಟ್ಯಾಂಡಿಗೆ ಹೋಗದೆ ಪರೀಕ್ಷಾ ಕೇಂದ್ರದ ಬಾಗಿಲಿಗೇ ಹೋಗಿ ನಿಂತಿತು. ಕೃಷ್ಣಪ್ಪ ಇಳಿದು ಓಡಿದ. ಪ್ರಯಾಣಿಕರು ಯಾರೂ ತಮ್ಮ ಕೆಲಸಕ್ಕೆ ಹೋಗಲಿಲ್ಲ. ಕಾಂಪೌಂಡಿನ ಹೊರಗೆ ಹುಣಸೆಮರದ ಕೆಳಗೆ ಸಾಲಾಗಿ ಕೂತರು. ಮಧ್ಯಾಹ್ನ ಅವನು ಹೊರಗೆ ಬಂದಾಗ ಹುಚ್ಚಮ್ಮ, "ನಂದು ಕೇಳಿದ್ರಾ?" ಎಂದಳು.

"ಎಲ್ಲಾರ್ದೂ ಕೇಳಿದ್ರು ಕಣವ್ವ. ಪಟ್ಟಿ ಪೂರ್ತಿ ಕೇಳಿದ್ರು."

ಬರೆದೆಯಾ ಎಂದರೆ ಬರೆದೆ ಎಂದ. ಆದರೆ ನನ್ನ ಮುಖ ನೋಡದೆ ಪೆನ್ನಿನ ಮುಚ್ಚಳ ತಿರುಗಿಸುತ್ತಾ ನಿಂತ. ನನಗೆ ಸಂಶಯವಾಯಿತು, ಕೇಳುವ ಧೈರ್ಯವಾಗಲಿಲ್ಲ.

ಪಾಸಾಗಲು ಮೂವತ್ತೈದು ಬೇಕಿತ್ತು, ಫಲಿತಾಂಶ ಬಂದಾಗ ಅವನಿಗೆ ಮೂವತ್ತಾರು ಬಂದಿತ್ತು. ಬೇಕಾದ್ದಕ್ಕಿಂತ ಒಂದು ಹೆಚ್ಚು.

ಜೂನಿನಲ್ಲಿ ಸರ್ಕಾರದ ಹೊಸ ಬಸ್ಸು ಬಂತು. ಕೃಷ್ಣಪ್ಪ ಖಾಕಿ ಹಾಕಿಕೊಂಡು ಅದೇ ದಾರಿಗೆ ಬಂದ. ಮೊದಲ ದಿನ ಸಂಜೆ ಬೇಲೂರಿನಲ್ಲಿ ಹತ್ತಿ ಕಿಟಕಿಯ ಪಕ್ಕ ಕೂತೆ. ಹಿಂದೆಯೇ ಜಯದೇವಪ್ಪನವರು ಹತ್ತಿದರು. ಸೀಟೆಲ್ಲ ತುಂಬಿತ್ತು. ಯಾರನ್ನು ಎಬ್ಬಿಸಲಿ ಎಂದು ಕಣ್ಣಾಡಿಸಿ ನನ್ನ ಹತ್ತಿರ ಬಂದು ನಿಂತರು. ನಾನು ಏಳಲು ಹೊರಟೆ.

"ಕೂತ್ಕಳಿ ಸಾ" ಎಂದ ಕೃಷ್ಣಪ್ಪ. ಜಯದೇವಪ್ಪನವರ ಕಡೆ ತಿರುಗಿದ. "ಅವ್ರನ್ನ ಏಳ್ಸಂಗಿಲ್ಲ ಚೇರ್ಮನ್ರೇ. ಅವ್ರು ಪಟ್ಟೀಲೇ ಇಲ್ಲ. ಪಟ್ಟೀಲಿಲ್ದೋರನ್ನ ಯಾವ ಲೋಹನೂ ಏಳ್ಸಂಗಿಲ್ಲ."

ಜಯದೇವಪ್ಪನವರು ಒಂದು ನಿಮಿಷ ಯೋಚಿಸಿ, ಸರಿಯೆಂದು ತಲೆಯಾಡಿಸಿ, ಯೋಗನರಸಿಂಹಯ್ಯಂಗಾರ್ಯರನ್ನು ಎಬ್ಬಿಸಿದರು. ನಾಲ್ಕು ತಿಂಗಳ ಮೇಲೆ ನಾನು ಹಳೇಬೀಡಿನ ತನಕ ಕೂತು ಹೋಗುವವನಿದ್ದೆ.

ಬಸ್ತಿಹಳ್ಳಿ ಕ್ರಾಸು ದಾಟಿದ ಮೇಲೆ ಕೃಷ್ಣಪ್ಪ ನನ್ನ ಸೀಟಿನ ಕಂಬಿ ಹಿಡಿದು ಬಗ್ಗಿದ. "ಸಾ, ಒಂದು ಮಾತು. ಬೈಬಾರ್ದು. ಪರೀಕ್ಷೇಲಿ ಜಲಜನಕ ಬರೆಯೋವಾಗ ಕೈ ನಿಂತೋಯ್ತು. ಬರೀ ಹಂಗೇ ಬರೆದ್ರೆ ಸುಳ್ಳು ಬರೆದಂಗಾಯ್ತದೆ ಅನ್ನಿಸ್ತು. ಅದಕ್ಕೆ ಪಕ್ಕದಲ್ಲಿ ಚಿಕ್ಕದಾಗಿ ಒಂದು ಮಾತು ಸೇರಿಸ್ಬುಟ್ಟೆ."

"ಏನಂತ?"

"'ಇದು ಮೊದಲು ಹಳೇಬೀಡಿನಲ್ಲಿ ಇತ್ತು' ಅಂತ."

ನಾನು ಬೈಯಲು ಬಾಯಿ ತೆರೆದೆ. ಇಷ್ಟು ಹೇಳಿಕೊಟ್ಟ ಮೇಲೂ ಎಂಥ ಮಾತು ಬರೆದು ಬಂದನಲ್ಲ ಎಂದು ಹೇಳಬೇಕಿತ್ತು. ಎಲ್ಲೋ ಕೂತು ಆ ಪೇಪರನ್ನು ತಿದ್ದಿದ ಪುಣ್ಯಾತ್ಮ ಅದನ್ನು ಓದಿ, ಕೆಂಪು ಶಾಯಿಯಲ್ಲಿ ಹೊಡೆದುಹಾಕದೆ, ಅಂಕ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗಿದ್ದಾನೆ. ಅವನ ಊರು ಯಾವುದೋ, ಅವನಿಂದ ಏನು ಹೋಗಿತ್ತೋ, ಯಾರಿಗೆ ಗೊತ್ತು? ಕಣ್ಣು ಒದ್ದೆಯಾದದ್ದು ಕಾಣಬಾರದೆಂದು ಕಿಟಕಿಯ ಕಡೆ ತಿರುಗಿಕೊಂಡೆ.

ಹಳೇಬೀಡು ಬಂತು. ಬೇರೆ ಎಲ್ಲ ಸ್ಟಾಪಿಗೂ ಅದರದರ ಲೋಹದ ಹೆಸರು ಹೇಳಿ ಕೂಗುವ ಕೃಷ್ಣಪ್ಪ ಇಲ್ಲಿ ಮುಂದೆ ಏನೂ ಸೇರಿಸಲಿಲ್ಲ. "ಹೋಲ್ಡಾನ್" ಎಂದಷ್ಟೇ ಮೆಲ್ಲಗೆ ಹೇಳಿದ, ಬಸ್ಸು ಪೂರ್ತಿ ನಿಂತ ಮೇಲೆ ನನ್ನ ಚೀಲ ಎತ್ತಿ ಕೈಗೆ ಕೊಟ್ಟ. ನಾನು ಇಳಿದು ಮನೆಗೆ ನಡೆದೆ.